ನಮ್ಮ ಬೀದಿಯಲ್ಲಿ ಮಾತ್ರ ನಿಧಾನ

ಬಡಾವಣೆಯ ನಿವಾಸಿಗಳ ಸಂಘದ ಸಭೆಯಲ್ಲಿ ಒಮ್ಮೆಯಾದರೂ ಕುಳಿತವರಿಗೆ ಅಲ್ಲಿನ ಕ್ರಮ ಗೊತ್ತು. ಮೊದಲು ಕಸದ ಗಾಡಿಯ ವಿಚಾರ, ಆಮೇಲೆ ನೀರು, ಆಮೇಲೆ ಬೀದಿನಾಯಿ. ಕಾಫಿ ಬರುವ ಹೊತ್ತಿಗೆ ಯಾರಾದರೊಬ್ಬರು ಎದ್ದು, ‘ನಮ್ಮ ಕ್ರಾಸಿನಲ್ಲಿ ಗಾಡಿಗಳು ಹೋಗೋ ಸ್ಪೀಡ್ ನೋಡಿದ್ದೀರಾ ಸ್ವಾಮಿ? ಮಕ್ಕಳನ್ನ ಹೊರಗೆ ಬಿಡೋ ಹಾಗಿಲ್ಲ. ಒಂದು ಹಂಪ್ ಹಾಕಿಸಲೇಬೇಕು’ ಎನ್ನುತ್ತಾರೆ. ಎಲ್ಲರೂ ತಲೆದೂಗುತ್ತಾರೆ, ಅರ್ಜಿಗೆ ಸಹಿ ಬೀಳುತ್ತದೆ. ಮಾರನೆಯ ಬೆಳಿಗ್ಗೆ ಹಾಗೆ ತಲೆದೂಗಿದವರಲ್ಲೇ ನಾಲ್ಕಾರು ಜನ ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸಲು ಪಕ್ಕದ ಬಡಾವಣೆಯ ಒಳರಸ್ತೆಗಳಲ್ಲಿ ನುಗ್ಗಿಕೊಂಡು ಆಫೀಸಿಗೆ ಹೋಗುತ್ತಾರೆ. ಆ ಬಡಾವಣೆಗೂ ಒಂದು ಸಂಘವಿದೆ. ಅಲ್ಲೂ ಒಂದು ಅರ್ಜಿ ತಯಾರಾಗುತ್ತಿರುತ್ತದೆ.

ಇದನ್ನು ಕಪಟ ಎನ್ನಲು ಮನಸ್ಸು ಬರುವುದಿಲ್ಲ. ನಾವೆಲ್ಲ ನಮ್ಮ ಬೀದಿಯಲ್ಲಿ ಗೃಹಸ್ಥರು, ಬೇರೆಯವರ ಬೀದಿಯಲ್ಲಿ ಬರೀ ದಾರಿಹೋಕರು. ಮನೆ ಹತ್ತಿರವಾದಂತೆ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ. ಎದುರುಮನೆಯ ಅಜ್ಜಿ ದೇವರ ಹೂವಿಗೆಂದು ಕಾಂಪೌಂಡಿನಾಚೆ ಬಂದಿರಬಹುದು, ಮೂಲೆಮನೆಯ ಹುಡುಗ ಚೆಂಡಿನ ಹಿಂದೆ ಓಡಿಬರಬಹುದು. ಮೇಲಾಗಿ ನಾವು ಜೋರಾಗಿ ಹೋದದ್ದನ್ನು ನೋಡಿದವರು ನಾಳೆ ಹಾಲಿನ ಅಂಗಡಿಯ ಮುಂದೆ ಸಿಕ್ಕೇ ಸಿಗುತ್ತಾರೆ. ಹೀಗೆ ವಾಹನವನ್ನು ನಿಧಾನಗೊಳಿಸುವುದರಲ್ಲಿ ದಾಕ್ಷಿಣ್ಯಕ್ಕಿಂತ ಹಳೆಯದಾದ ಉಪಾಯ ಬೇರೆ ಇರಲಾರದು. ಆದರೆ ಎರಡು ಬೀದಿ ದಾಟುವಷ್ಟರಲ್ಲಿ ಅದು ಮುಗಿದುಹೋಗುತ್ತದೆ. ಊರು ಚಿಕ್ಕದಿದ್ದಾಗ ಅಷ್ಟೇ ಸಾಕಾಗುತ್ತಿತ್ತು. ಈಗ ಫೋನಿನೊಳಗಿನ ನಕ್ಷೆ ಇಡೀ ನಗರದ ಒಳದಾರಿಗಳನ್ನು ಅಪರಿಚಿತರಿಗೂ ತೋರಿಸಿಕೊಡುತ್ತದೆ. ಹೆಸರೂ ಗೊತ್ತಿಲ್ಲದ ಬೀದಿಯಲ್ಲಿ, ಯಾರ ಮುಖವನ್ನೂ ನೋಡದೆ, ಎರಡು ನಿಮಿಷ ಉಳಿಸಿದೆವೆಂಬ ತೃಪ್ತಿಯಲ್ಲಿ ನಾವು ಹಾದುಹೋಗುತ್ತೇವೆ.

ಹಂಪಿನ ಮೇಲೆ ನಮಗಿರುವ ನಂಬಿಕೆ ಹುಟ್ಟಿದ್ದು ಇಲ್ಲಿಂದ. ಅರ್ಜಿ ಕೊಟ್ಟು ಕಾದು ಬೇಸತ್ತವರು ತಾವೇ ಹಾಕಿಕೊಳ್ಳುವುದೂ ಉಂಟು. ಯಾರದೋ ಮನೆಗೆ ತಾರಸಿ ಹಾಕಿದ ದಿನ ಉಳಿದ ಕಾಂಕ್ರೀಟನ್ನು ಸಂಜೆ ರಸ್ತೆಗೆ ಅಡ್ಡಲಾಗಿ ಸುರಿಸಿ, ಗಾರೆಯವರಿಂದ ಕರಣೆಯಲ್ಲಿ ಸವರಿಸಿ, ಎರಡು ಬದಿಗೆ ಇಟ್ಟಿಗೆಯಿಟ್ಟು ಒಣಗಲು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಹಂಪ್ ಸಿದ್ಧ. ಹಳ್ಳಿಗಳ ಕಥೆ ಇನ್ನೂ ಕಹಿ. ಊರ ನಡುವೆ ಹಾದುಹೋಗುವ ದೊಡ್ಡ ರಸ್ತೆಯಲ್ಲಿ ಶಾಲೆಯ ಮಗುವೊಂದು ಲಾರಿಗೆ ಸಿಕ್ಕುತ್ತದೆ, ಊರವರು ರಸ್ತೆ ತಡೆ ನಡೆಸುತ್ತಾರೆ, ಅಧಿಕಾರಿಗಳು ಓಡಿಬಂದು ಸಮಾಧಾನ ಹೇಳುತ್ತಾರೆ, ಎರಡು ದಿನದೊಳಗೆ ಟಾರಿನ ಉಬ್ಬು ಏಳುತ್ತದೆ. ನಮ್ಮ ರಸ್ತೆಗಳ ಎಷ್ಟು ಹಂಪುಗಳ ಹಿಂದೆ ಒಂದೊಂದು ಮಗುವಿನ ಹೆಸರಿದೆಯೋ, ಅದನ್ನು ಬರೆದಿಟ್ಟವರಿಲ್ಲ.

ಇಂಥ ಹಂಪು ಮಾಡುವ ಉಪಕಾರವೂ ಪೂರ್ಣವಲ್ಲ. ಕಿರಿದಾಗಿ, ಕಡಿದಾಗಿ, ಬಣ್ಣವಿಲ್ಲದೆ, ಬೀದಿದೀಪವೂ ಇಲ್ಲದ ಕಡೆ ಮಲಗಿರುವ ಉಬ್ಬು ಮಳೆಗಾಲದ ರಾತ್ರಿ ಸ್ಕೂಟರಿನವನಿಗೆ ಕಾಣುವುದೇ ಇಲ್ಲ. ಸೀರೆಯುಟ್ಟು ಹಿಂದೆ ಒಂದೇ ಬದಿಗೆ ಕಾಲುಹಾಕಿ ಕುಳಿತ ಹೆಂಗಸಿಗೆ ಹಿಡಿದುಕೊಳ್ಳಲು ಸಮಯವಿರುವುದಿಲ್ಲ. ಆಂಬುಲೆನ್ಸಿನಲ್ಲಿ ಮಲಗಿದ ರೋಗಿಯನ್ನು, ತುಂಬು ಗರ್ಭಿಣಿಯನ್ನು ಕೇಳಿದರೆ ಹಂಪಿನ ಬಗ್ಗೆ ಬೇರೆಯೇ ಮಾತು ಬರುತ್ತದೆ. ರಾಷ್ಟ್ರೀಯ ಹೆದ್ದಾರಿಗಳ ಮೇಲಿನ ಹಂಪುಗಳನ್ನು ತೆಗೆಸಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2016ರಲ್ಲಿ ಸುತ್ತೋಲೆ ಕಳಿಸಿದ್ದು ಇಂಥ ಕಾರಣಗಳಿಗಾಗಿಯೇ. ಜೀವ ಉಳಿಸಲೆಂದು ಹಾಕಿದ್ದೇ ಜೀವ ತೆಗೆಯುತ್ತಿತ್ತು.

ಹಂಪಿನ ವಂಶಾವಳಿ ಮಾತ್ರ ಸಣ್ಣದಲ್ಲ. ಭೌತವಿಜ್ಞಾನ ಓದಿದವರಿಗೆ ‘ಕಾಂಪ್ಟನ್ ಪರಿಣಾಮ’ದ ಹೆಸರು ಗೊತ್ತಿರುತ್ತದೆ. ಅದನ್ನು ಕಂಡುಹಿಡಿದು 1927ರಲ್ಲಿ ನೊಬೆಲ್ ಪಡೆದ ಆರ್ಥರ್ ಕಾಂಪ್ಟನ್ ಮುಂದೆ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಕುಲಪತಿಯಾದರು. ಕ್ಯಾಂಪಸ್ಸಿನೊಳಗೆ ಕಾರುಗಳ ಓಟ ನೋಡಲಾರದೆ 1953ರಲ್ಲಿ ತಾವೇ ಲೆಕ್ಕಹಾಕಿ ರಸ್ತೆಗೆ ಉಬ್ಬುಗಳನ್ನು ವಿನ್ಯಾಸ ಮಾಡಿದರು. ಪರಮಾಣುವಿನೊಳಗೆ ಇಣುಕಿ ನೋಡಿದವರಿಗೂ ಮನೆ ಮುಂದಿನ ಗಾಡಿಯ ಚಿಂತೆ ತಪ್ಪಲಿಲ್ಲವೆಂದರೆ ನಮ್ಮ ಸಂಘದ ಕಾರ್ಯದರ್ಶಿಗಳಿಗೆ ಸ್ವಲ್ಪ ಸಮಾಧಾನವಾದೀತು.

1970ರ ದಶಕದಲ್ಲಿ ಬ್ರಿಟನ್ನಿನ ಸಾರಿಗೆ ಸಂಶೋಧನಾಲಯದವರು ಬಗೆಬಗೆಯ ಉಬ್ಬುಗಳ ಮೇಲೆ ಗಾಡಿ ಓಡಿಸಿ ನೋಡಿದರು. ಆಗ ತಿಳಿದದ್ದು ಸ್ವಲ್ಪ ವಿಚಿತ್ರವಾಗಿತ್ತು. ಗಿಡ್ಡವಾದ, ಚೂಪಾದ ಉಬ್ಬನ್ನು ಕಾರಿನವನು ಜೋರಾಗಿ ಹಾರಿಸಿದರೆ ಅವನಿಗೆ ಅಷ್ಟೇನೂ ಕುಲುಕುವುದಿಲ್ಲ. ಚಕ್ರದ ಮೇಲಿನ ಸ್ಪ್ರಿಂಗುಗಳೇ ಅದನ್ನು ನುಂಗಿಬಿಡುತ್ತವೆ. ಮೆಲ್ಲಗೆ ಬಂದವನಿಗೇ ಶಿಕ್ಷೆ! ಉಬ್ಬು ಉದ್ದವಾಗಿ, ಮೆಲ್ಲನೆ ಏರಿ ಮೆಲ್ಲನೆ ಇಳಿಯುವಂತಿದ್ದರೆ ಮಾತ್ರ ವೇಗ ಹೆಚ್ಚಿದಂತೆ ಕುಲುಕಾಟ ಹೆಚ್ಚುತ್ತದೆ, ನಿಧಾನವಾಗಿ ಬಂದವನು ಸುಖವಾಗಿ ದಾಟುತ್ತಾನೆ. ಅವರು ಕೊಟ್ಟ ಅಳತೆ ಹನ್ನೆರಡು ಅಡಿ ಉದ್ದ, ನಾಲ್ಕು ಇಂಚು ಎತ್ತರ. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲೂ ಹೆಚ್ಚುಕಡಿಮೆ ಅದೇ ಇದೆ. ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ದಾಟುವ ವೇಗ ಗಂಟೆಗೆ 25 ಕಿಲೋಮೀಟರ್, ಮೇಲೆ ಎದ್ದುಕಾಣುವ ಬಣ್ಣ, ಸ್ವಲ್ಪ ಮುಂಚೆಯೇ ಎಚ್ಚರಿಕೆಯ ಫಲಕ. ನಮ್ಮ ಬೀದಿಯ ಉಬ್ಬಿನ ಪಕ್ಕ ಟೇಪು ಹಿಡಿದು ನಿಂತರೆ ಅದರಲ್ಲಿ ಯಾವುದೂ ತಾಳೆಯಾಗದು. ಶಾಸ್ತ್ರ ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಕಪಾಟಿನಲ್ಲಿದೆ, ರಸ್ತೆಯಲ್ಲಿರುವುದು ಕರಣೆಯ ಕೈಚಳಕ.

ನಿಧಾನಕ್ಕೆ ಇಷ್ಟೆಲ್ಲ ರಂಪ ಯಾಕೆ ಎನ್ನುವವರಿಗೆ ಶಾಲೆಯ ಗಣಿತವೇ ಸಾಕು. ಗಂಟೆಗೆ 30 ಕಿ.ಮೀ. ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ ಎಂಟು ಮೀಟರ್ ಚಿಲ್ಲರೆ ಸಾಗುತ್ತದೆ. ಮಗು ಅಡ್ಡ ಬಂದದ್ದು ಕಣ್ಣಿಗೆ ಬಿದ್ದು, ಕಾಲು ಬ್ರೇಕ್ ಒತ್ತಲು ಒಂದು ಸೆಕೆಂಡ್ ಬೇಕು. ಒತ್ತಿದ ಮೇಲೆ ಒಣ ರಸ್ತೆಯಲ್ಲಿ ಇನ್ನೊಂದು ಐದು ಮೀಟರಿಗೆ ಕಾರು ನಿಲ್ಲುತ್ತದೆ. ಒಟ್ಟು ಹದಿಮೂರು ಮೀಟರಿನಷ್ಟು. ಅದೇ ಕಾರು 50ರಲ್ಲಿದ್ದರೆ ಆ ಒಂದು ಸೆಕೆಂಡಿನಲ್ಲೇ ಹದಿನಾಲ್ಕು ಮೀಟರ್ ಹೋಗಿರುತ್ತದೆ. ಮೂವತ್ತರವನು ಪೂರ್ತಿ ನಿಂತ ಜಾಗದಲ್ಲಿ ಐವತ್ತರವನು ಇನ್ನೂ ಬ್ರೇಕನ್ನೇ ಮುಟ್ಟಿರುವುದಿಲ್ಲ. ಪೆಟ್ಟಿನ ಲೆಕ್ಕ ಇನ್ನೂ ಕಠಿಣ, ಏಕೆಂದರೆ ಅದು ವೇಗದ ವರ್ಗದಂತೆ ಏರುತ್ತದೆ. ಮೂವತ್ತರ ಪೆಟ್ಟೆಂದರೆ ಮೊದಲ ಮಹಡಿಯ ಬಾಲ್ಕನಿಯಿಂದ ಬಿದ್ದಂತೆ, ಐವತ್ತರದು ಮೂರನೆಯ ಮಹಡಿಯಿಂದ ಬಿದ್ದಂತೆ. ಬಾಲ್ಕನಿಗೆ ಕಂಬಿ ಹಾಕಿಸಿ, ಮಗು ಇಣುಕದಂತೆ ಜಾಲರಿಯನ್ನೂ ಬಿಗಿಸಿದ ಮನೆಯ ಯಜಮಾನ ಗೇಟಿನಾಚೆ ಆ ಎತ್ತರವನ್ನು ಹೇಗೆ ಮರೆಯುತ್ತಾನೋ!

ಕಳೆದುಕೊಳ್ಳುವ ಸಮಯದ ಲೆಕ್ಕವನ್ನೂ ನೋಡಿಬಿಡೋಣ. ಬಡಾವಣೆಯ ಒಳಗೆ ನಾವು ಗಾಡಿ ಓಡಿಸುವುದು ಹೆಚ್ಚೆಂದರೆ ಒಂದು ಕಿಲೋಮೀಟರ್. ಐವತ್ತರಲ್ಲಿ ಅದಕ್ಕೆ 72 ಸೆಕೆಂಡ್, ಮೂವತ್ತರಲ್ಲಿ 120. ವ್ಯತ್ಯಾಸ 48 ಸೆಕೆಂಡ್. ಅದೂ ಆ ಒಂದು ಕಿಲೋಮೀಟರಿನಲ್ಲಿ ಹಸು, ತರಕಾರಿ ಗಾಡಿ, ತಿರುವು, ಎದುರಿನ ಆಟೊ ಯಾವುದೂ ಇಲ್ಲದಿದ್ದರೆ. ಉಳಿಸಿದ್ದನ್ನೆಲ್ಲ ಮುಂದಿನ ಸಿಗ್ನಲ್ ಹೇಗೂ ಬಡ್ಡಿಸಮೇತ ವಸೂಲಿ ಮಾಡುತ್ತದೆ.

ಅಪಘಾತದ ಸುದ್ದಿಗಳಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಎಂಬ ಮಾತು ಪೊಲೀಸ್ ದೂರಿನಿಂದ ಹಾಗೇ ಇಳಿದುಬರುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ ಕಾಲ್ನಡಿಗೆಯವರು. ಸಾವುಗಳಲ್ಲಿ ಹತ್ತಕ್ಕೆ ಏಳಕ್ಕೆ ಅತಿವೇಗವೇ ಕಾರಣವೆಂದು ಸರ್ಕಾರದ ವರದಿ ಹೇಳುತ್ತದೆ. ಇರಬಹುದು. ಆದರೆ ಚಾಲಕನಿಗೆ ವೇಗದ ಆಸೆ ಹುಟ್ಟಿಸಿದ ರಸ್ತೆಯ ಹೆಸರು ಯಾವ ದೂರಿನಲ್ಲೂ ಬರುವುದಿಲ್ಲ. ಬಾಣದಂತೆ ನೇರವಾದ ಅರವತ್ತಡಿ ರಸ್ತೆ ಕಣ್ಣಮುಂದೆ ಬಿದ್ದಿದ್ದರೆ, ಫಲಕದಲ್ಲಿ ಏನೇ ಬರೆದಿರಲಿ, ರಸ್ತೆ ‘ಹೋಗು’ ಎಂದೇ ಹೇಳುತ್ತದೆ. ಸೈಟು ಕೊಳ್ಳುವಾಗ ನಾವು ಕೇಳುವ ಮೊದಲ ಪ್ರಶ್ನೆ ಮುಂದಿನ ರಸ್ತೆ ಎಷ್ಟಡಿ ಎಂಬುದೇ ಅಲ್ಲವೆ? ಮೂವತ್ತಡಿಗೆ ಒಂದು ದರ, ನಲವತ್ತಡಿಗೆ ಒಂದು, ಅರವತ್ತಕ್ಕೆ ಇನ್ನೊಂದು. ಹೆಚ್ಚು ದುಡ್ಡು ಕೊಟ್ಟು ಅಗಲವಾದ ರಸ್ತೆಯನ್ನು ಆರಿಸಿಕೊಂಡು, ಹತ್ತು ವರ್ಷದ ಮೇಲೆ ಅಲ್ಲಿನ ವೇಗದ ಬಗ್ಗೆ ಅರ್ಜಿ ಬರೆಯುತ್ತೇವೆ.

ಮೈಸೂರಿನ ವೃತ್ತಗಳು ಈ ವಿಷಯದಲ್ಲಿ ಜಾಣ ರಚನೆಗಳು. ಅರಮನೆಯ ಸುತ್ತಮುತ್ತಲ ಕೆ.ಆರ್. ವೃತ್ತವನ್ನೋ ಚಾಮರಾಜ ವೃತ್ತವನ್ನೋ ದಾಟುವ ಗಾಡಿ ಸುಮ್ಮನೆ ನೇರ ನುಗ್ಗಲಾರದು. ನಡುವೆ ಮಹಾರಾಜರು ನಿಂತಿದ್ದಾರೆ, ಬಳಸಿಕೊಂಡೇ ಹೋಗಬೇಕು, ಬಳಸಬೇಕಾದರೆ ವೇಗ ಇಳಿಸಲೇಬೇಕು. ಬೆಂಗಳೂರಿನಲ್ಲಿ ಎಷ್ಟೋ ಕಡೆ ಸಿಗ್ನಲ್ಲಿಗಾಗಿ ವೃತ್ತವನ್ನು ಕಿತ್ತುಹಾಕಿದರೂ ಬಸ್ಸಿನ ಕಂಡಕ್ಟರ್ ಇನ್ನೂ ‘ಸರ್ಕಲ್’ ಎಂದೇ ಕೂಗುತ್ತಾನೆ. ಒಳರಸ್ತೆಗಳಿಗೂ ಇಂಥ ಉಪಾಯಗಳಿವೆ. ತಿರುವಿನಲ್ಲಿ ಫುಟ್‌ಪಾತನ್ನು ಸ್ವಲ್ಪ ಹೊರಚಾಚಿ ಬಾಯಿ ಕಿರಿದು ಮಾಡುವುದು, ಶಾಲೆಯ ಎದುರು ದಾಟುವ ಜಾಗವನ್ನು ಫುಟ್‌ಪಾತಿನ ಮಟ್ಟಕ್ಕೇ ಎತ್ತರಿಸುವುದು, ನೇರ ರಸ್ತೆಯ ಒಂದು ಬದಿಗೆ ಮರದ ಕಟ್ಟೆ ಕಟ್ಟಿ ದಾರಿಯನ್ನು ಕೊಂಚ ಬಳುಕಿಸುವುದು. ಬೆಂಗಳೂರಿನ ಚರ್ಚ್ ಸ್ಟ್ರೀಟಿಗೆ ಟಾರಿನ ಬದಲು ಕಲ್ಲು ಹಾಸಿದ ಮೇಲೆ ಅಲ್ಲಿ ಗಾಡಿಗಿಂತ ಕಾಲಿಗೆ ಹೆಚ್ಚು ಗೌರವ ಬಂದದ್ದನ್ನು ಅಲ್ಲಿ ಅಡ್ಡಾಡಿದವರೆಲ್ಲ ಬಲ್ಲರು.

‘ಅವೆಲ್ಲ ವಿದೇಶದಲ್ಲಿ ನಡೆಯುತ್ತೆ ಸಾರ್, ಅಲ್ಲಿನ ಜನಕ್ಕೆ ಶಿಸ್ತಿದೆ’ ಎಂಬ ಮಾತು ಈ ಹಂತದಲ್ಲಿ ಬಂದೇ ಬರುತ್ತದೆ. ನೆದರ್ಲೆಂಡ್ಸಿನ ಉದಾಹರಣೆ ಹೇಳಬೇಕಾದದ್ದು ಅದಕ್ಕಾಗಿಯೇ. ಇವತ್ತು ಸೈಕಲ್ಲಿಗೂ ಶಾಂತ ಬೀದಿಗಳಿಗೂ ಹೆಸರಾದ ಆ ಪುಟ್ಟ ದೇಶದಲ್ಲಿ 1971ರ ಒಂದೇ ವರ್ಷ ಮೂರು ಸಾವಿರಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸತ್ತಿದ್ದರು. ಅವರಲ್ಲಿ ನಾನೂರಕ್ಕೂ ಮಿಕ್ಕಿ ಮಕ್ಕಳು. ಆಗ ಅವರೂ ನಮ್ಮಂತೆಯೇ ಹೊಸ ಕಾರುಗಳ ಸಂಭ್ರಮದಲ್ಲಿ ಚೌಕಗಳನ್ನು ಪಾರ್ಕಿಂಗ್ ಮಾಡುತ್ತಿದ್ದರು, ರಸ್ತೆ ಅಗಲಿಸುತ್ತಿದ್ದರು. ಮಗಳನ್ನು ಅಪಘಾತದಲ್ಲಿ ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ 1972ರಲ್ಲಿ ಪತ್ರಿಕೆಯಲ್ಲಿ ಮಕ್ಕಳ ಕೊಲೆ ನಿಲ್ಲಿಸಿ ಎಂದು ಬರೆದರು. ಅದೇ ಹೆಸರಿನಲ್ಲಿ ತಾಯಂದಿರು, ತಂದೆಯರು, ಶಾಲೆಯ ಮಕ್ಕಳು ಬೀದಿಗಿಳಿದರು. ಅಷ್ಟರಲ್ಲಾಗಲೇ ಡೆಲ್ಫ್ಟ್ ಎಂಬ ಊರಿನಲ್ಲಿ ಯೋಸ್ಟ್ ವಾಲ್ ಎಂಬ ಪುರಸಭೆ ಎಂಜಿನಿಯರ್ ವಸತಿ ಬೀದಿಗಳಲ್ಲಿ ಫುಟ್‌ಪಾತು, ರಸ್ತೆ ಎಂಬ ಭೇದ ತೆಗೆದು, ನಡುನಡುವೆ ಗಿಡ, ಬೆಂಚು, ತಿರುವುಗಳನ್ನಿಟ್ಟು ನೋಡುತ್ತಿದ್ದರು. ಆ ಬೀದಿಗಳಲ್ಲಿ ಕಾರು ಬರಬಹುದು, ಆದರೆ ನಡೆಯುವವನ ವೇಗದಲ್ಲಿ ಬರಬೇಕು. ತೇರಿನ ದಿನ ರಥಬೀದಿಯೊಳಗೆ ಸಿಕ್ಕಿಕೊಂಡ ಕಾರಿನವನು ಹೇಗೆ ಹಾರ್ನು ಮಾಡಲೂ ಅಳುಕಿ ಜನರ ಹಿಂದೆ ತೆವಳುತ್ತಾನೋ ಹಾಗೆ, ಆದರೆ ವರ್ಷವಿಡೀ. 1976ರಲ್ಲಿ ಇದಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿತು. ಈಚಿನ ವರ್ಷಗಳಲ್ಲಿ ಅಲ್ಲಿನ ರಸ್ತೆ ಸಾವು ವರ್ಷಕ್ಕೆ ಏಳುನೂರರ ಆಸುಪಾಸಿನಲ್ಲಿದೆ. ಶಿಸ್ತು ಅವರ ರಕ್ತದಲ್ಲೇನೂ ಇರಲಿಲ್ಲ. ಕಟ್ಟಿದ ಬೀದಿ ಅದನ್ನು ಕಲಿಸಿತು.

ರಸ್ತೆಯನ್ನು ಬದಲಿಸದೆ ಬರೀ ಫಲಕ ಬದಲಿಸಿದರೆ? ವೇಲ್ಸ್ ಆ ಪ್ರಯೋಗ ಮಾಡಿತು. 2023ರ ಸೆಪ್ಟೆಂಬರ್ 17ರಂದು ಅಲ್ಲಿ ಬೀದಿದೀಪಗಳಿರುವ ಜನವಸತಿಯ ರಸ್ತೆಗಳ ವೇಗಮಿತಿಯನ್ನು ಸಾಮಾನ್ಯವಾಗಿ 30 ಮೈಲಿಯಿಂದ 20 ಮೈಲಿಗೆ ಇಳಿಸಿದರು, ಅಂದರೆ ನಮ್ಮ ಲೆಕ್ಕದಲ್ಲಿ 32 ಕಿ.ಮೀ. ಇಡೀ ದೇಶ ಸಿಡಿದೆದ್ದಂತಾಯಿತು. ಸುಮಾರು 31 ಲಕ್ಷ ಜನಸಂಖ್ಯೆಯ ವೇಲ್ಸಿನ ಸಂಸತ್ತಿಗೆ ಹೋದ ವಿರೋಧದ ಮನವಿಗೆ 4.6 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಅಲ್ಲಿ ಅದಕ್ಕೆ ಮುಂಚೆ ಯಾವ ಮನವಿಗೂ ಅಷ್ಟು ಸಹಿ ಬಿದ್ದಿರಲಿಲ್ಲ. ಮಕ್ಕಳ ಶಾಲೆಯ ಮುಂದೆ ನಿಧಾನ ಬೇಕೆಂದವರೂ ತಮ್ಮ ಆಫೀಸಿನ ದಾರಿಯಲ್ಲಿ ಬೇಡವೆಂದಿರಬೇಕು. ನಮ್ಮ ಸಂಘದ ಸಭೆಯೇ ಅಲ್ಲೂ ನಡೆದಂತಿದೆ. ಸರ್ಕಾರದ ಕಡೆಗೂ ಲೋಪವಿತ್ತು. ವೇಗ ಇಳಿಸಬೇಕಿಲ್ಲದ ಕೆಲವು ದೊಡ್ಡ ರಸ್ತೆಗಳನ್ನೂ ಅದರೊಳಗೆ ಸೇರಿಸಿದ್ದರಿಂದ ಮರುವರ್ಷ ಅಂಥವನ್ನು ಮತ್ತೆ ಪರಿಶೀಲಿಸಲು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡಬೇಕಾಯಿತು. ಆದರೂ ಗದ್ದಲದ ನಡುವೆ ಒಂದು ಸಂಗತಿ ನಡೆದುಹೋಯಿತು. ಗಾಡಿಗಳ ಸರಾಸರಿ ವೇಗ ಮೂರು-ನಾಲ್ಕು ಮೈಲಿ ಇಳಿಯಿತು. ಇಷ್ಟೇ ಇಳಿಕೆಗೆ ಮೊದಲ ವರ್ಷ ಈ ಬಗೆಯ ರಸ್ತೆಗಳಲ್ಲಿ ಸತ್ತವರ, ಗಾಯಗೊಂಡವರ ಸಂಖ್ಯೆ ಸುಮಾರು ಕಾಲು ಭಾಗ ತಗ್ಗಿತು. ಆ ಕಾಲು ಭಾಗದವರು ಯಾರೆಂದು ಯಾರಿಗೂ ಗೊತ್ತಿಲ್ಲ, ಅವರಿಗೇ ಗೊತ್ತಿಲ್ಲ. ಪೆಟ್ಟಾಗದವರು ಯಾವ ಮನವಿಗೂ ಸಹಿ ಹಾಕುವುದಿಲ್ಲವಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸಾವು-ನೋವಿನ ಮಾತಾಯಿತು. ನಿಧಾನದಿಂದ ಆಗುವ ಇನ್ನೊಂದು ಲಾಭ ಆಸ್ಪತ್ರೆಯ ಲೆಕ್ಕಪತ್ರದಲ್ಲಿ ಕಾಣುವುದಿಲ್ಲ. ಅಮೆರಿಕದ ಬರ್ಕ್ಲಿಯಲ್ಲಿ ಪಾಠ ಹೇಳುತ್ತಿದ್ದ ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸಕಾರರು 1960ರ ದಶಕದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊ ನಗರದ ಮೂರು ಬೀದಿಗಳನ್ನು ಆರಿಸಿಕೊಂಡರು. ಮನೆಗಳು, ಜನ ಹೆಚ್ಚುಕಡಿಮೆ ಒಂದೇ ತೆರ. ಒಂದರಲ್ಲಿ ದಿನಕ್ಕೆ ಎರಡು ಸಾವಿರ ವಾಹನ, ಇನ್ನೊಂದರಲ್ಲಿ ಎಂಟು ಸಾವಿರ, ಮತ್ತೊಂದರಲ್ಲಿ ಹದಿನಾರು ಸಾವಿರ. ಮನೆಮನೆಗೆ ಹೋಗಿ ‘ಈ ಬೀದಿಯಲ್ಲಿ ನಿಮಗೆ ಸ್ನೇಹಿತರು ಎಷ್ಟು, ಪರಿಚಿತರು ಎಷ್ಟು’ ಎಂದು ಕೇಳಿದರು. ವಾಹನ ಕಡಿಮೆಯಿದ್ದ ಬೀದಿಯಲ್ಲಿ ಒಬ್ಬೊಬ್ಬರಿಗೆ ಸರಾಸರಿ ಮೂವರು ಸ್ನೇಹಿತರು, ಆರು ಮಂದಿ ಪರಿಚಿತರು. ವಾಹನ ಕಿಕ್ಕಿರಿದ ಬೀದಿಯಲ್ಲಿ ಸ್ನೇಹಿತರ ಸರಾಸರಿ ಒಂದಕ್ಕಿಂತ ಕಡಿಮೆ, ಪರಿಚಿತರು ಮೂವರು. ನಿಮ್ಮ ಮನೆಯ ಸರಹದ್ದು ಎಲ್ಲಿಯವರೆಗೆ, ಗೆರೆ ಎಳೆದು ತೋರಿಸಿ ಎಂದಾಗ ಶಾಂತ ಬೀದಿಯವರು ಇಡೀ ಬೀದಿಯನ್ನೇ ಸುತ್ತುಹಾಕಿದರು. ಗದ್ದಲದ ಬೀದಿಯವರ ಗೆರೆ ತಮ್ಮ ಕಟ್ಟಡದ ಬಾಗಿಲಿಗೇ ನಿಂತಿತು. 1981ರಲ್ಲಿ ಆಪಲ್‌ಯಾರ್ಡ್ ಇದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದರು. ಮರುವರ್ಷ ಅಥೆನ್ಸ್ ನಗರದಲ್ಲಿ ವೇಗವಾಗಿ ಬಂದ ಕಾರೊಂದು ಬಡಿದು ತೀರಿಕೊಂಡರು.

ಅವರ ಅಧ್ಯಯನ ವಾಹನಗಳ ಸಂಖ್ಯೆಯ ಬಗ್ಗೆ ಇದ್ದರೂ ವೇಗವೂ ಅದರ ಜೊತೆಗೇ ಬರುವ ನೆಂಟ. ನಮ್ಮ ಬೀದಿಗಳಲ್ಲಿ ಇದು ಹೇಗೆ ನಡೆಯುತ್ತದೆಂದು ನೋಡುವುದು ಕಷ್ಟವಲ್ಲ. ಗಾಡಿಗಳ ರಭಸ ಹೆಚ್ಚಾದ ಮೇಲೆ ಮೊದಲು ಒಳಗೆ ಹೋಗುವುದು ಲಗೋರಿ, ಕುಂಟೆಬಿಲ್ಲೆ. ಆಮೇಲೆ ಸಂಜೆ ಗೇಟಿನ ಹತ್ತಿರ ಕುರ್ಚಿ ಹಾಕಿ ಕೂರುತ್ತಿದ್ದ ಅಜ್ಜ ಟಿವಿಯ ಮುಂದೆ ಹೋಗುತ್ತಾರೆ. ರಂಗೋಲಿ ರಸ್ತೆಯಿಂದ ಮೆಟ್ಟಿಲಿಗೆ ಸರಿಯುತ್ತದೆ. ಬಾಗಿನಕ್ಕೋ ಎಳ್ಳುಬೀರಲಿಕ್ಕೋ ಎದುರುಮನೆಗೆ ಹೋಗುವ ಹುಡುಗಿಯ ಕೈಹಿಡಿದು ದಾಟಿಸಲು ಒಬ್ಬರು ಜೊತೆಗೆ ಬೇಕಾಗುತ್ತದೆ. ಹೀಗೆ ಪರಿಚಯ ಸವೆಯುತ್ತದೆ. ಪರಿಚಯ ಸವೆದ ಮೇಲೆ ದಾಕ್ಷಿಣ್ಯ ಯಾರ ಮೇಲೆ? ಅದಿಲ್ಲದ ಬೀದಿಯಲ್ಲಿ ಗಾಡಿಗಳು ಇನ್ನಷ್ಟು ಓಡುತ್ತವೆ. ಹಿಂದಿನ ಕಾಲವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಹಿಂದಿನ ಬೀದಿಯಲ್ಲಿ ಧೂಳಿತ್ತು, ಚರಂಡಿ ತೆರೆದಿತ್ತು, ಎಲ್ಲರಿಗೂ ಅಲ್ಲಿ ಓಡಾಡುವ ಸ್ವಾತಂತ್ರ್ಯವೂ ಇರಲಿಲ್ಲ. ಆದರೆ ಬೀದಿ ಎಂದರೆ ಹಾದುಹೋಗುವ ಜಾಗ ಮಾತ್ರವಲ್ಲ, ಇರುವ ಜಾಗವೂ ಹೌದೆಂಬ ತಿಳಿವಳಿಕೆ ಅವರಿಗಿತ್ತು.

ಹಾಗಾದರೆ ಮಾಡುವುದೇನು? ಕಾನೂನಿನ ಕಡೆ ಅಡ್ಡಿ ಅಷ್ಟಿಲ್ಲ. ಕೇಂದ್ರ ಸರ್ಕಾರದ 2018ರ ಅಧಿಸೂಚನೆ ಪುರಸಭೆ-ನಗರಪಾಲಿಕೆ ಮಿತಿಯೊಳಗೆ ಕಾರಿಗೆ 70, ಬೈಕಿಗೆ 60 ಕಿ.ಮೀ. ವರೆಗೆ ಅವಕಾಶ ಕೊಟ್ಟಿತ್ತು. ವಸತಿ ಬೀದಿಗೆ ಇದು ಹಾಸ್ಯಾಸ್ಪದವಾದರೂ ಅದು ಗರಿಷ್ಠ ಮಿತಿಯಷ್ಟೇ, ಅದಕ್ಕಿಂತ ಕಡಿಮೆ ನಿಗದಿಮಾಡುವುದಕ್ಕೆ ಮೋಟಾರು ವಾಹನ ಕಾಯ್ದೆಯಲ್ಲಿ ದಾರಿಯಿದೆ. ಜನ ಮತ್ತು ವಾಹನ ಬೆರೆಯುವ ಕಡೆ 30 ಕಿ.ಮೀ. ಸಾಕೆಂದು 2020ರಲ್ಲಿ ರಸ್ತೆ ಸುರಕ್ಷತೆಯ ಬಗ್ಗೆ ನಡೆದ ಸ್ಟಾಕ್‌ಹೋಮ್ ಸಮ್ಮೇಳನದ ಘೋಷಣೆಯೂ ಹೇಳಿದೆ. ಆದ್ದರಿಂದ ವಾರ್ಡ್ ಸಭೆಯಲ್ಲಿ ಕೇಳುವಾಗ ‘ನಮ್ಮ ಕ್ರಾಸಿಗೆ ಒಂದು ಹಂಪ್’ ಎಂದು ಕೇಳದೆ, ಪಕ್ಕದ ಬಡಾವಣೆಯವರನ್ನೂ ಸೇರಿಸಿಕೊಂಡು ಇಡೀ ವಾರ್ಡಿನ ಒಳರಸ್ತೆಗಳಿಗೆ ಮೂವತ್ತರ ಮಿತಿ, ತಿರುವುಗಳ ಕಿರಿದುಗೊಳಿಕೆ, ಹಂಪ್ ಬೇಕಾದಲ್ಲಿ ಮಾರ್ಗಸೂಚಿಯ ಅಳತೆಯದ್ದೇ ಹಂಪ್ ಎಂದು ಕೇಳಬಹುದು. ಒಂದು ಬೀದಿಗೆ ಮಾತ್ರ ತಡೆಹಾಕಿದರೆ ಗಾಡಿಗಳು ಮುಂದಿನ ಬೀದಿಗೆ ಹೊರಳುತ್ತವೆ, ಅಷ್ಟೆ.

ಇಷ್ಟು ಆಗುವಷ್ಟರಲ್ಲಿ ಎಷ್ಟು ಸಭೆ, ಎಷ್ಟು ವರ್ಷವೋ. ಅದಕ್ಕೆ ಮುಂಚೆ ನಮ್ಮ ಕ್ರಾಸಿನಲ್ಲಿ ರಭಸದಿಂದ ಹೋಗುವವರು ಯಾರು ಎಂದು ಒಂದು ಸಂಜೆ ನಿಂತು ನೋಡಿದರೆ ಸ್ವಲ್ಪ ಮುಜುಗರವಾಗುತ್ತದೆ. ಹಿಂಬದಿಗೆ ಪೆಟ್ಟಿಗೆ ಕಟ್ಟಿಕೊಂಡು ಬೈಕಿನಲ್ಲಿ ಬರುವ ಹುಡುಗ ತರುತ್ತಿರುವುದು ನಾವೇ ಹತ್ತು ನಿಮಿಷದಲ್ಲಿ ಬೇಕೆಂದ ಕೊತ್ತಂಬರಿ ಸೊಪ್ಪು. ನೀರಿನ ಟ್ಯಾಂಕರಿನವನು ಓಡುತ್ತಿರುವುದು ದಿನಕ್ಕೆ ಇಷ್ಟು ಲೋಡ್ ಮುಟ್ಟಿಸಿದರೆ ಮಾತ್ರ ಅವನಿಗೆ ಗಿಟ್ಟುತ್ತದೆಂದು, ಮತ್ತು ‘ಇನ್ನೂ ಬಂದಿಲ್ಲವಲ್ಲ’ ಎಂದು ನಾವು ಮೂರು ಸಲ ಫೋನ್ ಮಾಡಿದ್ದೇವೆಂದು. ಹೊರಗಿನವರೆಂದು ನಾವು ಬೈಯುವ ಗಾಡಿಗಳಲ್ಲಿ ಎಷ್ಟೋ ನಮ್ಮ ಕೆಲಸದ ಮೇಲೇ ಬಂದಿರುತ್ತವೆ. ಕೊತ್ತಂಬರಿ ಇಲ್ಲದೆಯೂ ಒಂದು ದಿನ ಸಾರು ಆಗುತ್ತದೆ. ಟ್ಯಾಂಕರ್ ಮಾಲೀಕರಿಗೆ ಸಂಘದ ಕಡೆಯಿಂದ ಒಂದು ಮಾತು ಹೇಳಬಹುದು: ಲೇಔಟಿನೊಳಗೆ ಜೋರಾಗಿ ಓಡಿಸುವ ಗಾಡಿಯನ್ನು ಮತ್ತೆ ಕರೆಯುವುದಿಲ್ಲ, ಅರ್ಧ ಗಂಟೆ ತಡವಾದರೆ ಯಾರೂ ರೇಗುವುದೂ ಇಲ್ಲ. ಶಾಲೆಯ ವ್ಯಾನಿನದೂ ಇದೇ ಲೆಕ್ಕ. ಒಂದು ಮನೆಯ ಮುಂದೆ ಮೂರು ನಿಮಿಷ ಹಾರ್ನ್ ಮಾಡುತ್ತ ಕಾದ ಚಾಲಕ ಆ ಮೂರು ನಿಮಿಷವನ್ನು ಇನ್ನುಳಿದ ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡೇ ದಾರಿಯಲ್ಲಿ ಹಿಡಿಯಬೇಕು. ಮಗುವಿನ ಟೈ, ಬೆಲ್ಟು, ನೀರಿನ ಬಾಟಲಿ ರಾತ್ರಿಯೇ ಬಾಗಿಲ ಬಳಿ ಜೋಡಿಸಿಟ್ಟಿರಲಿ. ವ್ಯಾನು ಬರುವುದಕ್ಕೆ ಐದು ನಿಮಿಷ ಮುಂಚೆ ಮಗು ಗೇಟಿನ ಹತ್ತಿರ ನಿಂತಿರಲಿ.